ಭಾವನ ಆರುನೂರ ಹನ್ನೆರಡು ಮೀಟರ್

ನಮ್ಮ ಭಾವ ಮಾರುಕಟ್ಟೆ ಬೀದಿಗೆ ಕಾಲಿಟ್ಟರೆ ಸಾಕು, ಅಂಗಡಿಯವರು ತಕ್ಕಡಿಯ ತಟ್ಟೆಗೆ ಒಂದು ಸಲ ಉಫ್ ಎಂದು ಊದುತ್ತಾರೆ. ತಟ್ಟೆಯ ಮೇಲಿನ ಧೂಳಿಗೂ ಈ ಮನುಷ್ಯ ಕೇಸು ಹಾಕಿಯಾನು ಎಂಬ ಭಯ. ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಇಪ್ಪತ್ತೇಳು ವರ್ಷದಿಂದ ಅದೇ ಕೆಲಸ, ಅದೇ ಚರ್ಮದ ಚೀಲ. ಚೀಲದೊಳಗೆ ಹಿತ್ತಾಳೆಯ ತೂಕದ ಕಲ್ಲುಗಳು, ಒಂದೊಂದಕ್ಕೂ ಮೆತ್ತನೆಯ ಬಟ್ಟೆಯ ಹೊದಿಕೆ. ಮದುವೆಯಾದ ಹೊಸದರಲ್ಲಿ ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದಳು: "ಸಕ್ಕರೆ ಪ್ಯಾಕೆಟ್ ಬಿಚ್ಚೋಕೆ ಮುಂಚೆ ತೂಗ್ತಾರೆ ಕಣೋ. ನನ್ನನ್ನೂ ತೂಗಿ ನೋಡೇ ಒಪ್ಪಿದ್ರೋ ಏನೋ."

ನನ್ನದು ಕನ್ನಡಕದ ಅಂಗಡಿ. ದಿನವಿಡೀ ಸ್ಟೂಲಿನ ಮೇಲೆ ಕೂತು ಬೆಳೆಸಿದ ಹೊಟ್ಟೆ ನನ್ನದು. ಅದು ತಿಂಗಳಿಂದ ತಿಂಗಳಿಗೆ ಎಷ್ಟು ಸೆಂಟಿಮೀಟರ್ ಮುಂದೆ ಬರುತ್ತಿದೆ ಎಂಬುದನ್ನು ಸಹಿಸಲಾಗದೆ ಭಾವ ನನ್ನನ್ನು ತಮ್ಮ ಓಟದ ಕ್ಲಬ್ಬಿಗೆ ಸೇರಿಸಿದರು. ಅಲ್ಲಿ ಅವರನ್ನು ಎಲ್ಲರೂ ಗ್ರಾಂ ಸಾರ್ ಅನ್ನುತ್ತಾರೆ. ನನಗೆ ಅಡ್ಡಹೆಸರು ಇಡುವ ಶ್ರಮವನ್ನು ಯಾರೂ ತೆಗೆದುಕೊಂಡಿಲ್ಲ. "ಲಾಸ್ಟು ಬಂದ್ರಾ?" ಎಂದು ಕೇಳಿದರೆ ಅದು ನನ್ನ ವಿಚಾರ ಎಂದು ಎಲ್ಲರಿಗೂ ಗೊತ್ತು.

ಮೈದಾನದ ಮೂಲೆಯಲ್ಲಿ ಕ್ಲಬ್ಬಿನದೊಂದು ಕೋಣೆ ಇದೆ. ಒಂದು ಬೆಂಚು, ಒಂದು ನಲ್ಲಿ, ಬೆವರಿನ ವಾಸನೆ, ಮತ್ತೆ ಗೋಡೆಯ ಮೇಲೆ ಕಪ್ಪು ಮರದ ಬೋರ್ಡು. ಕ್ಲಬ್ಬು ವರ್ಷಕ್ಕೊಮ್ಮೆ ನಡೆಸುವ ಮ್ಯಾರಥಾನನ್ನು, ಅಂದರೆ ನಲವತ್ತೆರಡು ಕಿಲೋಮೀಟರ್ ನೂರ ತೊಂಬತ್ತೈದು ಮೀಟರನ್ನು, ಮೂರೂವರೆ ಗಂಟೆಯೊಳಗೆ ಮುಗಿಸಿದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ಹೆಸರಿದ್ದವರು ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾರೆ. ಇಲ್ಲದವರು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಲೇಸು ಕಟ್ಟಿಕೊಳ್ಳುತ್ತಾರೆ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಭಾವ ಹನ್ನೆರಡು ವರ್ಷದಿಂದ ಬಾಗಿಲ ಬಳಿಯೇ ಲೇಸು ಕಟ್ಟಿಕೊಂಡಿದ್ದಾರೆ. ಅವರ ಅತ್ಯುತ್ತಮ ಸಮಯ ಮೂರು ಗಂಟೆ ಮೂವತ್ತೊಂದು ನಿಮಿಷ ಇಪ್ಪತ್ತೆರಡು ಸೆಕೆಂಡು. ಇನ್ನೊಂದೂವರೆ ನಿಮಿಷ ಕಡಿಮೆಯಾದರೆ ಬೋರ್ಡು. ವಯಸ್ಸು ಐವತ್ತಮೂರು. ಕಾಲು ಇನ್ನೆಷ್ಟು ವರ್ಷ ಮಾತು ಕೇಳುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ಹಾಗಾಗಿ ಆ ವರ್ಷ ಒಂದು ಪಟ್ಟು ಹಿಡಿದು ಕೂತರು.

ಆ ಸಲ ಹೊಸದಾಗಿ ಬಂದದ್ದು ಎರಡು. ಮೊದಲನೆಯದು ಶೂ. ಆಗ ಕ್ಲಬ್ಬಿನಲ್ಲಿ ಎಲ್ಲರಿಗೂ ಹೊಸ ನಮೂನೆಯ ಶೂಗಳ ಹುಚ್ಚು ಹಿಡಿದಿತ್ತು. ಅಡಿಯಲ್ಲಿ ಇಟ್ಟಿಗೆ ದಪ್ಪದ ಸ್ಪಂಜು, ಅದರೊಳಗೆ ಗಟ್ಟಿ ಕಾರ್ಬನ್ ಪಟ್ಟಿ. ಹಾಕಿಕೊಂಡರೆ ನಾವು ಓಡಬೇಕಿಲ್ಲ, ಶೂಗಳೇ ಓಡುತ್ತವೆ ಎಂದು ಶೂ ಅಂಗಡಿಯ ಯಜಮಾನನ ಮಾತು. ಅವನೂ ನಮ್ಮ ಕ್ಲಬ್ಬಿನವನೇ, ಅವನ ಹೆಸರೂ ಬೋರ್ಡಿನಲ್ಲಿ ಇರಲಿಲ್ಲ.

"ನೂರಕ್ಕೆ ಮೂರು ಪರ್ಸೆಂಟ್ ಸ್ಪೀಡ್ ಜಾಸ್ತಿ ಗ್ರಾಂ ಸಾರ್," ಅಂದ.

"ಯಾರು ಅಳೆದಿದ್ದು?" ಅಂದರು ಭಾವ.

ಅವನು ಡಬ್ಬಿ ತೋರಿಸಿದ. ಡಬ್ಬಿಯ ಮೇಲೆ ಒಂದು ಶೂಗೆ ಇನ್ನೂರು ಗ್ರಾಂ ಎಂದಿತ್ತು. ಭಾವ ಚೀಲ ಬಿಚ್ಚಿದರು. ಎಡಗಾಲಿನದು ಇನ್ನೂರಮೂರು, ಬಲಗಾಲಿನದು ಇನ್ನೂರ ಒಂಬತ್ತು. "ಇದನ್ನ ಹಾಕ್ಕೊಂಡ್ರೆ ನಾನು ಒಂದೇ ಕಡೆ ಸುತ್ತಾ ಇರ್ತೀನಿ," ಅಂದರು. ಅಳೆದೂ ಸುರಿದೂ ಏಳು ಡಬ್ಬಿ ಬಿಚ್ಚಿಸಿ, ಒಂದು ಡಬ್ಬಿಯ ಎಡಗಾಲು ಇನ್ನೊಂದು ಡಬ್ಬಿಯ ಬಲಗಾಲು ಸೇರಿಸಿ, ಇನ್ನೂರ ಎರಡಕ್ಕೆ ಇನ್ನೂರ ಎರಡು ಹೊಂದಿಸಿ ತಂದರು. ಗಿಳಿಹಸಿರು ಬಣ್ಣ. ಉಳಿದ ಬೇಜೋಡಿಯನ್ನು ಯಜಮಾನ ಯಾರ ಕಾಲಿಗೆ ಕಟ್ಟಿದನೋ ನನಗೆ ತಿಳಿಯದು.

ಮನೆಯಲ್ಲಿ ಶೂ ಹಾಕಿಕೊಂಡು ನಿಂತರೆ ಭಾವ ಎರಡು ಬೆರಳು ಎತ್ತರ ಕಾಣುತ್ತಿದ್ದರು. ಅಕ್ಕ ತಲೆಯೆತ್ತಿ ನೋಡಿ, "ರೀ, ಮೇಲಿನ ಗೂಡಲ್ಲಿರೋ ಡಬ್ಬ ಹಾಗೇ ಇಳಿಸಿಬಿಡಿ, ಆಮೇಲೆ ಓಡೋಗಿ," ಅಂದಳು.

ಎರಡನೆಯದು ದಾರಿ. ಹಳೆಯ ದಾರಿಯಲ್ಲಿ ಸೇತುವೆ ರಿಪೇರಿ ನಡೆದಿತ್ತು. ಆ ಸಲ ಕಾಲುವೆ ದಂಡೆಯ ಮೇಲೆ ಹೊಸ ದಾರಿ ಗೊತ್ತು ಮಾಡಬೇಕಾಯಿತು. ಅಳೆಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಭಾವನ ಹತ್ತಿರ ಸ್ವಂತದ್ದೊಂದು ಅಳತೆ ಗಾಲಿ ಇತ್ತು. ಕೋಲಿನ ತುದಿಗೆ ಗಾಲಿ, ಗಾಲಿಗೆ ರಬ್ಬರ್ ಪಟ್ಟಿ, ಪಕ್ಕದಲ್ಲಿ ಲೆಕ್ಕದ ಮುಳ್ಳು. ಒಂದು ಸುತ್ತು ತಿರುಗಿದರೆ ಒಂದು ಮೀಟರ್. ಅದನ್ನು ಮಗುವಿನ ಕೈ ಹಿಡಿದು ನಡೆಸುವಂತೆ ನಡೆಸಿಕೊಂಡು ಮೂರು ಭಾನುವಾರ ದಂಡೆ ಅಳೆದರು. ಗುರುತಿನ ಕಂಬಗಳಿಗೆ ಬಣ್ಣ ಬಳಿಯುತ್ತ ನಾನು ಹಿಂದೆ ಹಿಂದೆ ಹೋದೆ.

ಓಟದ ದಿನ ಪವಾಡವೇ ನಡೆಯಿತು. ಭಾವ ಮೂರು ಗಂಟೆ ಇಪ್ಪತ್ತೆಂಟು ನಿಮಿಷ ಇಪ್ಪತ್ತು ಸೆಕೆಂಡಿಗೆ ಗೆರೆ ದಾಟಿದರು. ಅವರೊಬ್ಬರೇ ಅಲ್ಲ. ಶೂ ಅಂಗಡಿಯ ಯಜಮಾನ, ಇನ್ನೂ ನಾಲ್ವರು, ಎಲ್ಲರೂ ಇಪ್ಪತ್ತೆಂಟು ಇಪ್ಪತ್ತೊಂಬತ್ತು ನಿಮಿಷದಲ್ಲಿ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಎಲ್ಲ ಶೂ ಮಹಿಮೆ. ಸ್ಯಾಟಲೈಟಿನಿಂದ ದೂರ ಅಳೆಯುವ ಕೆಲವರ ಕೈಗಡಿಯಾರದಲ್ಲಿ ಮಾತ್ರ ನಲವತ್ತೊಂದೂವರೆ ಕಿಲೋಮೀಟರ್ ಎಂದು ಬಿದ್ದಿತ್ತು. ಓಟಗಾರರ ಜಾತಿಯೇ ಹೀಗೆ: ಗಡಿಯಾರ ಹೆಚ್ಚು ತೋರಿಸಿದರೆ ಓಟ ನಡೆಸಿದವರ ಕತ್ತು ಹಿಡಿಯುತ್ತಾರೆ, ಕಡಿಮೆ ತೋರಿಸಿದರೆ ಸ್ಯಾಟಲೈಟ್ ಸರಿಯಿಲ್ಲ ಅನ್ನುತ್ತಾರೆ. ಆ ದಿನ ಆಕಾಶದಲ್ಲಿದ್ದ ಸ್ಯಾಟಲೈಟುಗಳೆಲ್ಲ ಒಟ್ಟಿಗೆ ಕೆಟ್ಟಿದ್ದವು.

ಮರುವಾರವೇ ಬೋರ್ಡಿಗೆ ಆರು ಹೆಸರು ಏರಿದವು. ಭಾವನದು ನಾಲ್ಕನೆಯದು, ಇನಿಷಿಯಲ್ ಸಮೇತ. ಅವರು ಬೆಂಚಿನ ಮೇಲೆ ಕೂತು ಕಾಲು ಚಾಚಿದರು. ಮೊದಮೊದಲು ಸಂಕೋಚದಿಂದ ಅರ್ಧ, ಆಮೇಲೆ ಪೂರ್ತಿ. ಮನೆಯಲ್ಲಿ ಹಾಡು ಗುನುಗತೊಡಗಿದರು. ಅಕ್ಕ ನನಗೆ ಫೋನ್ ಮಾಡಿ, "ಎರಡು ಪ್ಯಾಕೆಟ್ ಸಕ್ಕರೆ ಬಂತು ಕಣೋ, ಎರಡನ್ನೂ ತೂಗಲಿಲ್ಲ. ಮೈ ಹುಷಾರಿಲ್ವೇನೋ ಅಂತ ಹಣೆ ಮುಟ್ಟಿ ನೋಡಿದೆ," ಅಂದಳು. ಅವಳ ದನಿಯಲ್ಲಿದ್ದ ಸಂತೋಷ ನನಗೂ ತಾಗಿತು.

ಒಂದು ಬುಧವಾರ ಮಧ್ಯಾಹ್ನ ಭಾವ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಓಟದ ಫಲಿತಾಂಶದ ಅಚ್ಚಾದ ಹಾಳೆ. ಹತ್ತಿರದ ಅಕ್ಷರ ಕಾಣದೆ ಎರಡು ವರ್ಷವಾಗಿದ್ದರೂ, ಭಾಮೈದನದೇ ಅಂಗಡಿ ಇದ್ದರೂ ಕನ್ನಡಕ ಬೇಡ ಅನ್ನುತ್ತಿದ್ದ ಮನುಷ್ಯ. ಅವತ್ತು ತಮ್ಮ ಹೆಸರು ಓದುವ ಆಸೆಗೆ ತಾವೇ ಮೂಗು ಮುಂದೆ ಮಾಡಿದರು. ನಾನೊಂದು ಕನ್ನಡಕ ಏರಿಸಿದೆ. ತಮ್ಮ ಹೆಸರನ್ನು ಐದಾರು ಸಲ ಓದಿದರು. ಕಣ್ಣು ಕಾಣುತ್ತಿದ್ದ ಖುಷಿಗೆ ಕೆಳಕ್ಕೆ ಓದುತ್ತಾ ಹೋದರು. ಎರಡನೇ ಹಾಳೆಯ ಕೊನೆಯ ಸಾಲಿಗೆ ಬಂದು ನಿಂತರು.

"ನಾಲ್ಕು ಐವತ್ತೆಂಟು," ಅಂದರು. "ಇದು ನೀನಾ?"

"ನಾನೇ ಭಾವ."

"ಪ್ರತಿ ವರ್ಷ ಐದು ಗಂಟೆ ಎರಡು ನಿಮಿಷಕ್ಕೆ ಬರ್ತೀಯ. ಈ ಸಲ ಪ್ರ್ಯಾಕ್ಟೀಸ್ ಏನಾದ್ರೂ ಮಾಡಿದ್ಯಾ?"

"ಇಲ್ಲ."

"ಶೂ ಹೊಸದಾ?"

ನಾನು ಕಾಲು ಮುಂದೆ ಮಾಡಿದೆ. ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

"ಮಧ್ಯೆ ಟೀ ಕುಡಿಯೋಕೆ ನಿಂತಿಲ್ವಾ?"

"ಯಾಕೆ ನಿಲ್ಲಲ್ಲ? ಎರಡು ಕಪ್ ಕುಡಿದೆ."

ಭಾವನ ಮುಖದ ಬಣ್ಣ ಇಳಿಯಿತು. "ನೀನು ನನ್ನ ಚೀಲದ ಕಲ್ಲಿದ್ದ ಹಾಗೆ ಕಣೋ. ಬದಲಾಗೋ ಪೈಕಿ ಅಲ್ಲ. ನೀನು ನಾಲ್ಕು ನಿಮಿಷ ಬೇಗ ಬಂದಿದ್ದೀಯ ಅಂದ್ರೆ ನಿನ್ನಲ್ಲೇನೂ ಆಗಿಲ್ಲ, ದಾರಿಲಿ ಆಗಿದೆ," ಅಂದರು. ಹೊಗಳಿದರೋ ತೆಗಳಿದರೋ ಎಂದು ನಾನು ಯೋಚಿಸುವಷ್ಟರಲ್ಲಿ ಅಂಗಡಿಯ ಬಾಗಿಲು ಹಾಕಿಸಿ ಹೊರಡಿಸಿದ್ದರು.

ಮನೆಯಿಂದ ಗಾಲಿ ತೆಗೆದುಕೊಂಡು ಅವರ ಆಫೀಸಿಗೆ ಹೋದೆವು. ಅಲ್ಲಿನ ಉದ್ದನೆಯ ಕಾರಿಡಾರಿನಲ್ಲಿ, ಫೈಲುಗಳ ಕಪಾಟಿನ ಪಕ್ಕ, ಸರ್ಕಾರಿ ಮುದ್ರೆಯ ಉಕ್ಕಿನ ಟೇಪನ್ನು ನೆಲದ ಮೇಲೆ ಎಳೆದರು. ನಾನು ಒಂದು ತುದಿ ಹಿಡಿದೆ. ಗಾಲಿ ಮೂವತ್ತು ಮೀಟರ್ ಎಂದು ಹೇಳಿದ ಜಾಗದಲ್ಲಿ ಟೇಪು ಇಪ್ಪತ್ತೊಂಬತ್ತು ಮೀಟರ್ ಐವತ್ತಾರೂವರೆ ಸೆಂಟಿಮೀಟರ್ ಎಂದಿತು. ಐದು ಸಲ ಮಾಡಿದರು, ಐದು ಸಲವೂ ಅಷ್ಟೇ. ಗಾಲಿಯ ರಬ್ಬರ್ ಸುತ್ತಲೂ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚೇ ಸವೆದುಹೋಗಿತ್ತು. ಪಕ್ಕದ ಹಿತ್ತಾಳೆ ಬಿಲ್ಲೆಯ ಮೇಲಿದ್ದ ಮುದ್ರೆಯ ವಾಯಿದೆ ಮುಗಿದು ನಾಲ್ಕು ವರ್ಷವಾಗಿತ್ತು. ಕನ್ನಡಕ ಇದ್ದುದರಿಂದ ಅದನ್ನೂ ಸ್ಪಷ್ಟವಾಗಿ ಓದಿಕೊಂಡರು. ಕಂಡವರ ತಕ್ಕಡಿಯನ್ನೆಲ್ಲ ಜಪ್ತಿ ಮಾಡಿದ ಮನುಷ್ಯ ತನ್ನದೇ ಗಾಲಿಗೆ ಮುದ್ರೆ ಹಾಕಿಸಿರಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಅಲ್ಲೇ ಗೋಡೆಗೆ ಹಾಳೆ ಒತ್ತಿ ಲೆಕ್ಕ ಹಾಕಿದರು. ದಾರಿ ಆರುನೂರ ಹನ್ನೆರಡು ಮೀಟರ್ ಗಿಡ್ಡ. ಅದನ್ನೂ ಓಡಿದ್ದರೆ ಅವರ ಸಮಯ ಮೂರು ಗಂಟೆ ಮೂವತ್ತೊಂದು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಹಳೆಯ ಶೂನಲ್ಲಿ ಓಡಿದ್ದಕ್ಕಿಂತ ಎರಡು ಸೆಕೆಂಡು ತಡ. ಗಿಳಿಹಸಿರು ಶೂ, ಕಾರ್ಬನ್ ಪಟ್ಟಿ, ಇನ್ನೂರ ಎರಡು ಗ್ರಾಂ, ಎಲ್ಲ ಸೇರಿ ಕೊಟ್ಟ ಲಾಭ ಅದು.

ಸಂಜೆ ಅಕ್ಕ ವಿಷಯವನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, "ಹೇಳಲೇಬೇಕಾ?" ಅಂದಳು. "ಯಾರ ಮನೆ ಗಂಟು ಹೋಯ್ತು ಈಗ? ಹನ್ನೆರಡು ವರ್ಷ ಒದ್ದಾಡಿದ್ದೀರ. ಗಾಲಿ ನಿಮ್ಮದು, ಗೊತ್ತಿರೋದು ನಮ್ಮ ಮೂರು ಜನಕ್ಕೆ. ಒಂದು ಸಲ ಕಣ್ಮುಚ್ಚಿಕೊಳ್ಳಿ ರೀ."

ಭಾವ ಎದ್ದರು. ಅಡುಗೆಮನೆಗೆ ಹೋಗಿ ಸಕ್ಕರೆಯ ಪ್ಯಾಕೆಟ್ ತೂಗಿದರು. ಅಕ್ಕ ನನ್ನ ಕಡೆ ನೋಡಿ, "ಮುಗೀತು," ಅಂದಳು.

ಶನಿವಾರ ಕ್ಲಬ್ಬಿನ ಸಭೆ. ಅಧ್ಯಕ್ಷರು ಹಲ್ಲಿನ ಡಾಕ್ಟರು. ಭಾವ ಗಾಲಿಯನ್ನು ಮೇಜಿನ ಮೇಲೆ ಮಲಗಿಸಿ, ಅಡ್ಡಗೋಡೆಯ ಮೇಲೆ ದೀಪ ಇಡದೆ ಎಲ್ಲವನ್ನೂ ಹೇಳಿದರು. ಮೊದಲು ಬಾಯಿ ಬಿಟ್ಟವನು ದಿನಸಿ ಅಂಗಡಿಯವನು. ಮೂರು ಗಂಟೆ ಹನ್ನೆರಡು ನಿಮಿಷದ ಓಟಗಾರ, ಅವನ ಹೆಸರು ಬೋರ್ಡಿನಲ್ಲಿ ಎಂದೋ ಏರಿತ್ತು. ಹಿಂದೊಮ್ಮೆ ಭಾವ ಅವನ ತಕ್ಕಡಿಗೆ ಸೀಲು ಹಾಕಿ, ವಾರವಿಡೀ ಅಂಗಡಿ ಮುಚ್ಚಿಸಿದ್ದರು.

"ಗ್ರಾಂ ಸಾರ್," ಅಂದ ಅವನು, ತುಂಬಾ ವಿನಯದಿಂದ. "ಕಲ್ಲು ತಾನಾಗೇ ಸವೆದಿದೆ, ನಾನು ಬೇಕಂತ ಮಾಡಿದ್ದಲ್ಲ ಅಂತ ಅವತ್ತು ಕೈಮುಗಿದೆ. ನೀವೇನಂದ್ರಿ, ನೆನಪಿದೆಯಾ?"

"ಇದೆ. ಸವೆದಿದ್ದು ಗೊತ್ತಾಗದೆ ಇದ್ದಿದ್ದೇ ತಪ್ಪು ಅಂದೆ," ಅಂದರು ಭಾವ. "ಈಗ್ಲೂ ಅದನ್ನೇ ಹೇಳ್ತೀನಿ."

ಅವನ ಹೊಟ್ಟೆ ತಣ್ಣಗಾಯಿತು. ಉಳಿದವರ ಹೊಟ್ಟೆಗೆ ಬೆಂಕಿ ಬಿದ್ದಿತು. ಬಿಸಿಲಿಗೆ ಟೇಪು ಹಿಗ್ಗಿರಬಹುದು ಅಂದನೊಬ್ಬ. ದಂಡೆಯಲ್ಲಿ ಎದುರುಗಾಳಿ ಇತ್ತು, ಅದನ್ನು ಆರುನೂರು ಮೀಟರಿಗೆ ವಜಾ ಹಾಕಿಕೊಳ್ಳಿ ಅಂದನಿನ್ನೊಬ್ಬ. ಶೂ ಅಂಗಡಿಯ ಯಜಮಾನ ಎದ್ದು ನಿಂತು, "ನಮ್ಮ ಕ್ಲಬ್ಬು, ನಮ್ಮ ದಾರಿ. ನಾವು ನಲವತ್ತೆರಡು ಅಂದ್ರೆ ನಲವತ್ತೆರಡು. ವೋಟಿಗೆ ಹಾಕಿ," ಅಂದ. ಹಾಕಿದರು. ದಾರಿ ಸರಿಯಾಗಿಯೇ ಇದೆ ಎಂದು ಮೂವತ್ತೊಂದು ಕೈ ಎದ್ದವು. ಇಲ್ಲ ಎಂದು ಮೂರು: ಭಾವ, ದಿನಸಿ ಅಂಗಡಿಯವನು, ನಾನು. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಪ್ರಾಮಾಣಿಕನಾಗುವುದು ಬಲು ಸುಲಭ. ಹೀಗೆ ಬಹುಮತದಿಂದ ದಾರಿ ಆರುನೂರ ಹನ್ನೆರಡು ಮೀಟರ್ ಬೆಳೆಯಿತು.

"ಸರಿ," ಅಂದರು ಭಾವ. "ನಿಮ್ಮ ಹೆಸರು ನಿಮ್ಮಿಷ್ಟ. ನನ್ನದು ತೆಗೀರಿ."

"ನಡುವೆ ಒಂದು ಸಾಲು ಖಾಲಿ ಬಿಟ್ರೆ ಬೋರ್ಡು ಅಸಹ್ಯ ಕಾಣುತ್ತೆ ಸಾರ್," ಅಂದರು ಅಧ್ಯಕ್ಷರು. "ಹಲ್ಲು ಕಿತ್ತ ಹಾಗೆ. ಇದೊಂದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಎಲ್ಲರೂ ಹೋದ ಮೇಲೆ ಭಾವ ಬೆಂಚಿನ ಮೇಲೆ ಹತ್ತಿ ನಿಂತು ಬ್ಲೇಡಿನಿಂದ ಹೆರೆಯತೊಡಗಿದರು. ನಾನು ಬೆಂಚು ಅಲುಗದಂತೆ ಹಿಡಿದುಕೊಂಡೆ. ಪೇಂಟರ್ ಒಳ್ಳೆಯ ಬಣ್ಣ ಹಾಕಿದ್ದ, ಬೇಗ ಬಿಡಲಿಲ್ಲ. ಒಂದೊಂದೇ ಅಕ್ಷರ ಉದುರಿ ನನ್ನ ತೋಳಿನ ಮೇಲೆ ಬಿಳಿ ಪುಡಿಯಾಗಿ ಬೀಳುತ್ತಿತ್ತು. ನನಗೆ ದುಃಖ ಒತ್ತರಿಸಿ ಬಂತು. ಇಷ್ಟು ವರ್ಷ ಇವರನ್ನು ಆಡಿಕೊಂಡು ನಕ್ಕಿದ್ದೇನೆ, ಇನ್ನು ಮುಂದೆಯೂ ನಗುತ್ತೇನೆ, ಆದರೆ ಆ ಹೊತ್ತಿನಲ್ಲಿ ಅವರಷ್ಟು ದೊಡ್ಡ ಮನುಷ್ಯ ನನಗೆ ಬೇರೆ ಯಾರೂ ಇರಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು. ಗಾಲಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಭಾವ ಮುಂದೆ, ನಾನು ಹಿಂದೆ. ಮೈದಾನ ದಾಟಿದೆವು.

"ಮೂರು ವಾರ ತುಂಬಾ ಚೆನ್ನಾಗಿತ್ತು ಕಣೋ," ಅಂದರು ಭಾವ.

"ಹೌದು ಭಾವ," ಅಂದೆ.

ನಾಲ್ಕು ಹೆಜ್ಜೆ ನಡೆದು ನಿಂತರು. ಮನಸ್ಸಿನಲ್ಲೇ ಎಣಿಸಿಕೊಂಡರು.

"ಸರಿಯಾಗಿ ಹೇಳ್ಬೇಕಂದ್ರೆ, ಹದಿನೇಳು ದಿನ."