ಮಣ್ಣಿಗೆ ಹೊಸ ಲೆಕ್ಕ

ಒಂದು ಶೆಡ್ಡಿನ ಮಣ್ಣಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಅಗೆದು, ತಾಡಪತ್ರಿ ಮುಚ್ಚಿ, ಲಾರಿಯಲ್ಲಿ ಜೋಪಾನವಾಗಿ ಸಾಗಿಸಿದರು. ಅದೇ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಉಸಿರಾಡಿದ ಜಕ್ಕಪ್ಪನವರನ್ನು ಮಾತ್ರ ಯಾರೂ ಕೇಳಲಿಲ್ಲ.

ಜಕ್ಕಪ್ಪ ಮುಗಳಖೋಡದವರು, ನಮ್ಮ ಅಕ್ಕನ ಗಂಡ. ನಾನು ದಾಜಿ ಅಂತಿದ್ದೆ. ಮಿಲಿಟರಿ ವರ್ಕ್‌ಶಾಪಿನ ಆ ಶೆಡ್ಡಿನಲ್ಲಿ ಗಾಡಿ ಸಾಮಾನಿನ ಗ್ರೀಸ್ ತೊಳೆಯುವುದು ಅವರ ಕೆಲಸ. ರಜೆಗೆ ಬಂದಾಗ ನನ್ನ ಟ್ರ್ಯಾಕ್ಟರ್ ಸಾಮಾನು ನೋಡಿ ನಗುತ್ತಿದ್ದರು.

"ಡೀಸೆಲ್‌ದಾಗ ತಿಕ್ಕತೀಯಲ್ಲೋ! ನಮ್ಮಲ್ಲಿ ಔಷಧ ಐತಿ. ಅದ್ದಿ ತೆಗದ್ರ ಮದಲಗಿತ್ತಿ ಹಂಗ ಹೊಳಿತಾವ."

ನಮ್ಮ ಕಡೆ ದ್ರಾಕ್ಷಿಗೆ ಹೊಡೆಯುವುದೂ ಔಷಧವೇ. ಹೆಸರೇ ಹಾಗಿದ್ದಾಗ ಹೆದರುವವರು ಯಾರು?

೨೦೧೦ರಲ್ಲಿ ದಾಜಿಯ ಮೂತ್ರಪಿಂಡದಲ್ಲಿ ಗಡ್ಡೆ ಕಂಡಿತು. ಮಿಲಿಟರಿ ದವಾಖಾನೆಯ ಡಾಕ್ಟರು, ಕೆಲಸದಲ್ಲಿ ವಿಷ ಮುಟ್ಟಿದ್ದುಂಟೇ ಎಂದು ಹಿಂದಿಯಲ್ಲಿ ಕೇಳಿದರು. ದಾಜಿ ನೆಟ್ಟಗೆ ನಿಂತು, "ಜಹರ್ ನಹೀಂ ಸಾಬ್, ಸಿರ್ಫ್ ದವಾಯಿ", ವಿಷವಲ್ಲ, ಬರೀ ಔಷಧ, ಅಂದುಬಿಟ್ಟರು. ನೌಕರಿಗೂ ರೋಗಕ್ಕೂ ಸಂಬಂಧವಿಲ್ಲ ಎಂದಾಯಿತು.

ಊರವರು ಬೇರೆಯೇ ಆಡಿಕೊಂಡರು: "ಮಿಲಿಟರಿ ರಮ್ ಕುಡದು ಕೆಡಸ್ಕೊಂಡ." ಹನಿ ಮುಟ್ಟದ ಮನುಷ್ಯ ಅವರು. ಕೆಲಸದಿಂದ ಬಂದ ರೋಗ ಅಂತ ಸಾಹೇಬರೊಬ್ಬರು ಬಾಯಿಬಿಟ್ಟು ಹೇಳಿದರೆ ಸಾಕಿತ್ತು ಅವರಿಗೆ.

ಎರಡು ವರ್ಷದ ಮೇಲೆ, ಅದೇ ವರ್ಕ್‌ಶಾಪಿನ ನಿಪ್ಪಾಣಿಯ ಸಂಭಾಜಿ ಸುದ್ದಿ ತಂದ.

"ದಾಜಿಬಾ, ಆ ಔಷಧ ಭಾಳ ವಿಷ ಅಂತ ಈಗ ಗೊತ್ತಾಗೇತಿ. ಗಾಳ್ಯಾಗ ಇಷ್ಟ ಇದ್ರ ನಡೀತೈತಿ ಅಂತಿದ್ರಲ್ಲ, ಆ ಮಿತಿ ಇಳಿಸ್ಯಾರ. ಶೆಡ್ ಬಂದ್. ವಿಷ ಇಂಗೇತಿ ಅಂತ ಮಣ್ಣ ಸೈತ ತಗದ್ರು."

ದಾಜಿ ನಕ್ಕರು. "ಮಣ್ಣ ಯಾವ ದವಾಖಾನಿಗೆ ಹೋಗಿ ಹೇಳ್ತಲೇ?"

ಮತ್ತೆ ಅದೇ ದವಾಖಾನೆಗೆ ಕರೆದುಕೊಂಡು ಹೋದೆ. ಬೇರೆ ಸಾಹೇಬರಿದ್ದರು, ನಮ್ಮ ಕಡೆಯವರೇ. "ಹೊಸ ಮಿತಿ ಇನ್ನ ಮುಂದಿನವರಿಗ್ರಿ. ಇವರ ಕಾಲಕ್ಕ ಅದು ಮಿತಿಯೊಳಗ ಇತ್ತು."

ನನ್ನ ತಲೆ ಕೆಟ್ಟಿತು. ಮೇಜು ಗುದ್ದಿದೆ. "ಮಣ್ಣೂ ಅದ ಕಾಲದ್ದಲ್ಲೇನ್ರಿ? ಮಣ್ಣಿಗೆ ಹೊಸ ಲೆಕ್ಕ, ಮನಷ್ಯಾಗ ಹಳೇ ಲೆಕ್ಕ?"

ದಾಜಿ ನನ್ನ ತೋಳು ಹಿಡಿದರು. "ಸಾಕ ಬಾರೋ, ಚಿಕ್ಕೋಡಿ ಬಸ್ ತಪ್ಪತೈತಿ."

ಸಾಹೇಬರು ತಲೆ ತಗ್ಗಿಸಿದರು. "ಮ್ಯಾಲ ಕೇಳತೇನ್ರಿ. ಏನಂತಾರ ಅಂತ ನಾನ ಫೋನ್ ಮಾಡಿ ಹೇಳತೇನಿ, ಮಾತು ಕೊಟ್ಟೇನಿ."

ಆಮೇಲೆ ಫೋನ್ ಸದ್ದಾದಾಗಲೆಲ್ಲ ದಾಜಿ ಹಾಸಿಗೆಯಿಂದ ಕತ್ತೆತ್ತುತ್ತಿದ್ದರು. "ಸಾಹೇಬ್ರೇನ?" ಅಲ್ಲ ಅಂದರೆ ಗೋಡೆಯ ಕಡೆ ಹೊರಳುತ್ತಿದ್ದರು. ಹಾಗೇ ಹೋದರು.

ಸಾಹೇಬರಿಗೆ ಬೇರೆ ಊರಿಗೆ ಬದಲಿಯಾಯಿತಂತೆ. ಊರು ಇನ್ನೂ ರಮ್ಮಿನ ಮಾತೇ ಆಡುತ್ತದೆ. ಸಾಹೇಬರು ಕೊಟ್ಟ ಮಾತು ನಮ್ಮ ಮನೆಗೆ ಇನ್ನೂ ಬಾಕಿ.