ಖಾಲಾ ಹೇಳಿದ ದೆವ್ವದ ಮಾತು

ಖಾಲಾಳ ಬೆರಳ ತುದಿಗಳು ಒಂದು ದಿನ ಕೆಂಪಗಿದ್ದರೆ ಮರುದಿನ ಹಸಿರಾಗಿರುತ್ತಿದ್ದವು. ಗದಗಿಗೆ ಅಂಟಿಕೊಂಡ ಬೆಟಗೇರಿಯ ಓಣಿಯೊಂದರಲ್ಲಿ ಸೀರೆ ನೇಯುವವರಿಗೆ ಆಕೆ ನೂಲು ಸುತ್ತಿಕೊಡುತ್ತಿದ್ದಳು. ಬಣ್ಣದ ನೂಲು ಬೆರಳ ಸಂದಿಯಲ್ಲಿ ಜಾರುತ್ತ ಜಾರುತ್ತ ಚರ್ಮದಲ್ಲೇ ಉಳಿದುಬಿಡುತ್ತಿತ್ತು.

ಗದಗ ಹೊಸ ಜಿಲ್ಲೆಯಾದಾಗ ನನಗೆ ಅಲ್ಲಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕುರ್ಚಿಗಳು ಇನ್ನೂ ಬಂದಿರಲಿಲ್ಲ, ಕಡತಗಳು ಮಾತ್ರ ಧಾರವಾಡದಿಂದ ಗಂಟುಗಂಟಾಗಿ ಬರುತ್ತಿದ್ದವು. ಶಿರಹಟ್ಟಿ ಹತ್ತಿರದ ನಮ್ಮೂರಿಂದ ಅವ್ವ ಬಂದು, ಖಾಲಾಳ ಮನೆಯ ಮುಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಹಿಡಿದು, ಎರಡು ದಿನ ಜೊತೆಗಿದ್ದು ಹೋದಳು. ಖಾಲಾ ಒಂಟಿ ಹೆಂಗಸು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಓಣಿಯ ಹಿಂದೂ ಮುಸ್ಲಿಂ ಎಲ್ಲರಿಗೂ ಆಕೆ ಖಾಲಾ, ಅಂದರೆ ಚಿಕ್ಕಮ್ಮ.

ಆಕೆಯ ತಮ್ಮ ಗದಗಿನಲ್ಲಿ ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದನಂತೆ. ಮನೆಮನೆಗೆ ಕೇಬಲ್ ಬಂದ ಮೇಲೆ ಅಂಗಡಿ ಮುಚ್ಚಿ, ವಿಸಿಆರ್ ಮತ್ತು ಒಂದು ಪೆಟ್ಟಿಗೆ ಕ್ಯಾಸೆಟ್ಟುಗಳನ್ನು ಅಕ್ಕನಿಗೆ ಕೊಟ್ಟು ಹುಬ್ಬಳ್ಳಿಗೆ ಹೋಗಿಬಿಟ್ಟಿದ್ದ. ಪೆಟ್ಟಿಗೆಯ ತುಂಬ ಇದ್ದದ್ದು ಟೀವಿಯಿಂದ ಇಳಿಸಿಕೊಂಡ ಒಂದೇ ಹಿಂದಿ ಧಾರಾವಾಹಿ. ವಾರಕ್ಕೊಂದು ಹೊಸ ದೆವ್ವದ ಕಥೆ.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಖಾಲಾ ಕಿಟಕಿಗೆ ಕಂಬಳಿ ಇಳಿಬಿಡುತ್ತಿದ್ದಳು. ಹೊರಗೆ ಬಿಸಿಲು, ಒಳಗೆ ನೀಲಿ ಬೆಳಕು, ಪಕ್ಕದ ಮನೆಯ ಮಗ್ಗದ ಸದ್ದು. ಅರ್ಧ ನಿದ್ದೆ, ಅರ್ಧ ಎಚ್ಚರ. ಎಷ್ಟೋ ಸಲ ಪಾಳುಬಂಗಲೆಯ ಮೆಟ್ಟಿಲು ಹತ್ತುತ್ತಿರುವವಳು ನಾನೇ ಅನ್ನಿಸುತ್ತಿತ್ತು. ಹಳೇ ಕ್ಯಾಸೆಟ್ಟಾದ್ದರಿಂದ ಮಾತೆಲ್ಲ ಕರಕರ; ನನ್ನ ಶಾಲೆಯ ಹಿಂದಿಗೆ ನಾಲ್ಕರಲ್ಲಿ ಒಂದು ತಿಳಿದರೆ ಹೆಚ್ಚು. ಖಾಲಾ ಪರದೆಯ ಕಡೆ ಬೆರಳು ಮಾಡಿ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದೇ ಕಥೆಯನ್ನು ಹತ್ತು ಸಲ ನೋಡಿದ್ದರೂ, ಅದರಲ್ಲಿ ಯಾರಾದರೂ ದೆವ್ವಕ್ಕೆ ಹೆದರಿ ಬಾಗಿಲು ಹಾಕಿಕೊಂಡರೆ ಸಿಟ್ಟಾಗುತ್ತಿದ್ದಳು.

"ಪಾಪ, ಅದಕ್ಕ ಏನೋ ಹೇಳೂದೈತಿ. ಒಂದು ಮಾತು ಕೇಳಾಕ ಇವರಿಗೆ ಏನು ಧಾಡಿ?"

ನನಗೂ ಬಾಗಿಲು ಹಾಕಿಕೊಳ್ಳುವ ಅಭ್ಯಾಸವಿತ್ತು. ಪಿಯುಸಿ ಪರೀಕ್ಷೆಯ ದಿನ ನನ್ನ ತಂಗಿಗೆ ಜ್ವರ. "ಅಕ್ಕಾ, ಇವತ್ತ ಹೋಗಬ್ಯಾಡ" ಎಂದು ನನ್ನ ಸೆರಗು ಹಿಡಿದಿದ್ದಳು. ಬಿಡಿಸಿಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಸಂಜೆ ಮರಳುವಷ್ಟರಲ್ಲಿ ಅವಳಿರಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಅವಳು ನನ್ನ ಮೇಲೆ ಸಿಟ್ಟು ಹೊತ್ತುಕೊಂಡೇ ಹೋದಳೆಂದು ನಂಬಿದ್ದ ನಾನು, ಕತ್ತಲಲ್ಲಿ ಬಂದಾಳೆಂದು ಹೆದರಿ ದೀಪ ಹಚ್ಚಿಟ್ಟುಕೊಂಡೇ ಮಲಗುತ್ತಿದ್ದೆ.

ಒಂದು ರವಿವಾರ ಖಾಲಾ ಹಾಕಿದ ಕಥೆಯಲ್ಲಿ ಸತ್ತ ಹುಡುಗಿಯೊಬ್ಬಳು ಅಕ್ಕನ ಮನೆಗೆ ಬರುತ್ತಾಳೆ. ಒದ್ದೆ ಕೂದಲು, ಬಿಳಿ ಮುಖ. ಕಿಟಕಿಯ ಗಾಜಿಗೆ ಬಾಯಿಟ್ಟು ಏನೋ ಪಿಸುಗುಟ್ಟುತ್ತಾಳೆ. ನಾನು ಏಳಹೊರಟಾಗ ಖಾಲಾ ನನ್ನ ಮೊಣಕೈ ಹಿಡಿದಳು.

"ಏನಂತಾಳ್ರಿ ಆಕಿ?" ಎಂದೆ.

ಖಾಲಾ ನನ್ನ ಕಡೆ ತಿರುಗಿ ಹೇಳಿದಳು: "ಅಕ್ಕಾ, ನಾ ಸಿಟ್ಟಿಲೆ ಬಂದಿಲ್ಲ. ನೀ ಉಂಡಿ ಇಲ್ಲೋ ನೋಡಿ ಹೋಗೂಣಂತ ಬಂದೀನಿ, ಅಂತಾಳ."

ನಾನು ಆಕೆಯ ಮಡಿಲಲ್ಲಿ ಮುಖವಿಟ್ಟು ಅತ್ತೆ. ತಂಗಿಯ ಸುದ್ದಿಯನ್ನು ಹೊರಗಿನವರಿಗೆ ಮೊದಲ ಸಲ ಹೇಳಿದೆ. ಕ್ಯಾಸೆಟ್ ಮುಗಿದು ಪರದೆಯ ಮೇಲೆ ಬರೀ ಚುಕ್ಕೆಗಳು ಕುಣಿಯುತ್ತಿದ್ದವು. ಅಂದಿನಿಂದ ನಾನು ದೀಪ ಆರಿಸಿ ಮಲಗತೊಡಗಿದೆ.

ಮುಂದೆ ಮದುವೆಯಾಯಿತು, ಮುಂಡರಗಿಗೆ ವರ್ಗವಾಯಿತು. ವರ್ಷಕ್ಕೊಮ್ಮೆ ಖಾಲಾಳನ್ನು ನೋಡಿಬರುತ್ತಿದ್ದೆ. ಮೂರು ವರ್ಷದ ಹಿಂದೆ ಮಗಳ ಮೊಬೈಲಿನಲ್ಲಿ ಆ ಹಳೆಯ ಧಾರಾವಾಹಿ ಸಿಕ್ಕಿತು. ಒಂದೊಂದೇ ಕಂತು ನೋಡುತ್ತ ಹೋದೆ. ಈಗ ಮಾತು ಸ್ಪಷ್ಟ, ನನ್ನ ಹಿಂದಿಯೂ ಸುಧಾರಿಸಿತ್ತು. ಆ ಕಂತು ಬಂತು. ಗಾಜಿಗೆ ಬಾಯಿಟ್ಟು ಹುಡುಗಿ ಅಂದದ್ದು, "ನನ್ನನ್ನು ಬಿಟ್ಟು ಹೋದೆ, ನಿನ್ನನ್ನೂ ಕರೆದೊಯ್ಯುತ್ತೇನೆ" ಎಂದು. ಕಂತಿನ ಕೊನೆಗೆ ಅಕ್ಕ ಸಾಯುತ್ತಾಳೆ.

ಮರುದಿನವೇ ಬೆಟಗೇರಿಗೆ ಹೋದೆ. ಖಾಲಾ ಹಾಸಿಗೆ ಹಿಡಿದಿದ್ದಳು. ತಮ್ಮನ ಸೊಸೆ ನೋಡಿಕೊಳ್ಳುತ್ತಿದ್ದಳು.

"ಖಾಲಾ, ಆ ಹುಡುಗಿ ಹಂಗ ಅಂದೇ ಇಲ್ಲಲ್ರಿ."

ಯಾವ ಹುಡುಗಿ ಎಂದು ಆಕೆ ಕೇಳಲಿಲ್ಲ. "ನಿಮ್ಮವ್ವ ಕೋಣಿ ಹಿಡದ ದಿನಾನ ನನಗೆಲ್ಲಾ ಹೇಳಿದ್ಲು ಬೇಟಿ. ದೀಪ ಹಚ್ಚಿಟ್ಟು ಮಲಗತಾಳ, ಏನೂ ಅನಬ್ಯಾಡ್ರಿ ಅಂದ್ಲು. ಅದಕ್ಕ ಆ ಕ್ಯಾಸೆಟ್ ಹಾಕಿದ್ನಿ. ನಾ ಹೇಳಿದ್ದು ಸುಳ್ಳು." ಸ್ವಲ್ಪ ಉಸಿರು ತೆಗೆದುಕೊಂಡು, "ಖರೇದ್ದು ನಿಮ್ಮವ್ವಗ ಗೊತ್ತು. ಕಡೀತನಕ ನಿನ್ನ ತಂಗಿ ಬಾಜೂಕ ಕುಂತಾಕಿ ಆಕಿ. ಹೋಗಿ ಕೇಳು" ಎಂದಳು.

ಕೇಳಲು ಧೈರ್ಯ ಸಾಲಲಿಲ್ಲ. ನಾಲ್ಕು ತಿಂಗಳು ಹಾಗೇ ಕಳೆದವು. ಖಾಲಾ ತೀರಿಕೊಂಡ ಖಬರ ಬಂತು. ಹೆಂಗಸರ ನಡುವೆ ಕುಳಿತು ಆಕೆಯ ಮುಖ ನೋಡಿದೆ. ಮಧ್ಯಾಹ್ನ ಗಂಡಸರು ಆಕೆಯನ್ನು ಹೊತ್ತುಕೊಂಡು ಹೋದರು. ನಾನು ಮುಂಡರಗಿಗೆ ಮರಳದೆ ನೇರವಾಗಿ ಶಿರಹಟ್ಟಿ ಬಸ್ಸು ಹತ್ತಿದೆ.

ಅವ್ವ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತು ಕೇಳಿಯೇಬಿಟ್ಟೆ: "ಅವ್ವಾ, ಅವತ್ತ ನಾ ಪರೀಕ್ಷಾಕ ಹ್ವಾದ ಮ್ಯಾಲ ತಂಗಿ ನನಗೇನರೆ ಅಂದ್ಲೇನು?"

ಅವ್ವನ ಕೈ ಮೊರದಲ್ಲೇ ನಿಂತಿತು.

"ನಿನ್ನ ಮಾತ ತಗೀಲಿಲ್ಲ ಬಿಡ. ಉಗಾದಿಗಿ ಹೊಲಿಸಿದ ಲಂಗದ್ದ ಧ್ಯಾಸ. ಉದ್ದ ಆಗೈತಿ, ಮಡಚಿ ಹೊಲಿಸು, ಹೊಲಿಯಾಕಿಗಿ ಹೇಳು. ಅದನ್ನ ಅನ್ಕೋತ ಮಲಗಿದ್ಲು."

ಹೇಳುತ್ತ ಹೇಳುತ್ತ ಅವ್ವನಿಗೆ ನಗು ಬಂತು, ಕಣ್ಣೀರೂ ಬಂತು. ಆಮೇಲೆ ತಂಗಿಯ ಹೆಸರು ಹಿಡಿದು ಅವಳ ಹಟ, ಅವಳ ಕಳ್ಳಾಟ, ಅವಳು ಕದ್ದು ತಿಂದ ಬೆಲ್ಲ, ಒಂದೊಂದಾಗಿ ತೆಗೆದಳು. ಗೋಡೆಯಾಚೆಯಿಂದ ನೆರೆಮನೆಯಾಕೆ ಯಾರ ಸುದ್ದಿ ಎಂದು ಕೇಳಿದಾಗ ಅವ್ವ ದನಿಯೆತ್ತಿ ಹೇಳಿದಳು: "ನನ್ನ ಸಣ್ಣ ಮಗಳದು."