ಬೇಟೆಗಾರರ ಕೈಯ ಸೌಟು

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ನಮ್ಮ ಕನ್ನಡ ಸಂಘದ ಗಣೇಶನ ಹಬ್ಬದಲ್ಲಿ ಪ್ರತಿ ವರ್ಷ ಸಾರು ಬಡಿಸುತ್ತಿದ್ದವರು ಧಾರವಾಡ ಕಡೆಯ ಎಂಜಿನಿಯರ್ ಅಂಕಲ್. ಯಾವ ತಕರಾರಿಗೂ ಅವರ ಬಳಿ ಒಂದೇ ಮದ್ದು: "ಚೀಟಿ ಎತ್ರಿ."

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಮಿಷಿಗನ್‌ನಲ್ಲಿ ಪರ್ಮಿಟ್ ಕೊಡುವುದೂ ಚೀಟಿ ಎತ್ತಿಯೇ. ಆ ಸಲ ಅಂಕಲ್ ಹೆಸರು ಬಂದಿತ್ತು.

ದಾನಿಗಳ ಜೊತೆ ಮೊದಲ ಪಂಕ್ತಿಯಲ್ಲಿ ಕೂತಿದ್ದ ಸಂಘದ ಅಧ್ಯಕ್ಷರು, "ಬೇಟೆ ಆಡೋ ಕೈಲಿ ದೇವರ ಊಟ ಬಡಿಸ್ಬೇಡಿ ಅಂಕಲ್, ಸೌಟು ಇಟ್ಬಿಡಿ" ಎಂದರು.

ಅಂಕಲ್ ಸೌಟು ಇಡಲಿಲ್ಲ. "ಬ್ಯಾಟಿಯಾಗ ಸಾವ್ಕಾರಗೂ ಒಂದ ಚೀಟಿ, ನನಗೂ ಒಂದ. ಇಲ್ಲಿ ರೊಕ್ಕ ಕೊಟ್ಟವರಿಗೆ ಮೊದಲ ಊಟ. ಯಾವುದು ನ್ಯಾಯ ರೀ?"

ಮುಂದಿನ ಪಂಕ್ತಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ನಾವೆಲ್ಲ ಅಧ್ಯಕ್ಷರ ಮುಖ ನೋಡಿದೆವು. ಅಂಕಲ್ ತಲೆಯ ಟೋಪಿ ತೆಗೆದು ಅವರ ಮುಂದೆ ಹಿಡಿದರು.

"ಮೊದಲ ಪಂಕ್ತಿಗೂ ಚೀಟಿ ಎತ್ರಿ. ಆಮ್ಯಾಲೆ ಬಡಸ್ತೀನಿ."